ಅಪ್ಪ ಸೈಕಲ್ ಹತ್ತುತ್ತಿದ್ದ ಕಲ್ಲುಗಳು

ಅಪ್ಪನ ಸೈಕಲ್ಲಿನ ಸೀಟನ್ನು ನಾಲ್ಕು ಬೆರಳು ಎತ್ತರಿಸಿದ್ದು ೧೯೫೭ರ ಮಾರ್ಚ್ ಒಂಬತ್ತರಂದು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟು: "ಬೆಳಿಗ್ಗೆ ಸೀಟು ಏರಿಸಿದ್ದಾಯಿತು. ಅಪ್ಪ ನೆಲದಿಂದ ಹತ್ತಲು ಹೋಗಿ ಎರಡು ಸಲ ವಾಲಿದ. ಮೂರನೆಯ ಸಲ ಜಗಲಿಯಿಂದ ಹತ್ತಿದ. ಬೀದಿ ಕೊನೆಯವರೆಗೆ ಹೋಗಿ ಬಂದ. ಇಳಿಯುವುದಕ್ಕೂ ಜಗಲಿಯೇ ಬೇಕಾಯಿತು."

ಅಪ್ಪ ಪೋಸ್ಟ್‌ಮನ್. ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ, ಅವನು ಕಾಗದ ಹಂಚುವ ಬೀಟು ಜಯಲಕ್ಷ್ಮಿಪುರದಲ್ಲಿ. ಅವನಿಗಾಗ ಐವತ್ತೆರಡು ವರ್ಷ, ನನಗೆ ಹದಿನೆಂಟು. ನಾನು ಕಾಲೇಜಿನಲ್ಲಿ ಗಣಿತ ಓದುತ್ತಿದ್ದೆ. ಹಿಂದಿನ ತಿಂಗಳು, ಫೆಬ್ರವರಿ ಐದರಂದು, ಎದುರಿಗೆ ಬಂದ ಜಟಕಾದ ಕುದುರೆ ಬೆದರಿ ರಸ್ತೆಗೆ ಅಡ್ಡ ತಿರುಗಿತು. ಅದನ್ನು ತಪ್ಪಿಸಲು ಹೋಗಿ ಅಪ್ಪ ಮೋರಿಯ ಕಟ್ಟೆಗೆ ಬಲ ಮಂಡಿ ಹೊಡೆದುಕೊಂಡ. ಚೀಲದ ಕಾಗದಗಳು ಒಂದೂ ಕೆಸರಾಗಲಿಲ್ಲ ಎಂದು ಮನೆಗೆ ಬಂದು ಮೊದಲು ಹೇಳಿದ. ಕಚೇರಿಗೆ ಜ್ವರವೆಂದು ರಜೆ ಬರೆದು ಕಳಿಸಿದ, ಆಸ್ಪತ್ರೆಗೆ ಹೋಗಲಿಲ್ಲ. ದಟ್ಟಗಳ್ಳಿಯ ಕಡೆ ನಮ್ಮ ಹಳೆಯ ಊರಿತ್ತು. ಅಲ್ಲಿ ಮೂಳೆಗೆ ಪಟ್ಟು ಹಾಕುವ ಒಬ್ಬರಿದ್ದರು, ಸಂಬಂಧದಲ್ಲಿ ಅಜ್ಜ ಆಗಬೇಕು. ಅವರು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಇಪ್ಪತ್ತೊಂದು ದಿನ ಆದ ಮೇಲೆ ಬಿಚ್ಚಿದಾಗ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಕುರ್ಚಿಯಲ್ಲಿ ಕೂತರೂ ಆ ಕಾಲು ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ದಾಟುವವರೆಲ್ಲ ಎಡವುತ್ತಿದ್ದರು.

ಸೀಟು ಎತ್ತರವಾದರೆ ಪೆಡಲ್ ತುಳಿಯುವಾಗ ಮಂಡಿ ಅಷ್ಟಾಗಿ ಮಡಚಬೇಕಾಗಿಲ್ಲ. ಇದು ಅಪ್ಪ ತಾನೇ ಕಂಡುಕೊಂಡ ಉಪಾಯ. ಆದರೆ ಸೀಟು ಎತ್ತರವಾದ ಮೇಲೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಹತ್ತಲೂ ಇಳಿಯಲೂ ಕಾಲಿಡಲು ಒಂದು ಎತ್ತರದ ಜಾಗ ಬೇಕು. ಎಡಗಾಲನ್ನು ಕಲ್ಲಿನ ಮೇಲೆ ಊರಿ, ಸೈಕಲ್ಲನ್ನು ತನ್ನ ಕಡೆ ವಾಲಿಸಿ, ಬಲಗಾಲನ್ನು ಖಾಕಿ ಪ್ಯಾಂಟಿನ ಬಟ್ಟೆ ಹಿಡಿದು, ಅದು ಬೇರೆ ಯಾರದೋ ಕಾಲು ಎನ್ನುವ ಹಾಗೆ, ಎತ್ತಿ ಸೈಕಲ್ಲಿನ ಅಡ್ಡಕಂಬಿಯ ಆಚೆ ಇಡುತ್ತಿದ್ದ. ಆಮೇಲೆ ಒಂದು ನೂಕು. ಹತ್ತಿದ ಮೇಲೆ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದ.

ಗೊತ್ತಾಗಬಾರದು ಎಂಬುದೇ ಮುಖ್ಯವಾಗಿತ್ತು. ಸರ್ವೀಸು ಮುಗಿಯಲು ಎರಡು ವರ್ಷ ಎಂಟು ತಿಂಗಳು ಬಾಕಿ. ಮಂಡಿಯ ವಿಷಯ ಕಚೇರಿಗೆ ತಿಳಿದರೆ ಡಾಕ್ಟರ ಬಳಿ ಕಳಿಸುತ್ತಾರೆ, ಡಾಕ್ಟರು ಆಗುವುದಿಲ್ಲ ಎಂದು ಬರೆದರೆ ಮನೆಗೆ. ಅಪ್ಪನಿಗೆ ಬೇಕಾಗಿದ್ದು ಒಂದೇ. ಆ ಎರಡು ವರ್ಷ ಎಂಟು ತಿಂಗಳು ತನ್ನ ಬೀಟಿನಲ್ಲಿ, ಸೈಕಲ್ ಮೇಲೆ ಇರಬೇಕು. ಯಾಕೆ ಅಷ್ಟು ಹಟ ಎಂದು ಅಮ್ಮ ಒಂದು ಸಲ ಕೇಳಿದಳು. "ಮನೇಲಿ ಕೂತು ಏನ್ ಮಾಡ್ಲಿ? ನಿನ್ ಜೊತೆ ಅಕ್ಕಿ ಆರಿಸ್ಲಾ?" ಎಂದ.

ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅಪ್ಪನ ಪಕ್ಕದ ಬೀಟಿನ ಪೋಸ್ಟ್‌ಮನ್. ಅಪ್ಪನಿಗಿಂತ ಒಂದು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಅವರದು ಕ್ಯಾಥೊಲಿಕ್ ಮನೆ, ನಮ್ಮ ಬೀದಿಯ ಹಿಂದಿನ ಬೀದಿ. ಬೆಳಿಗ್ಗೆ ಚರ್ಚಿಗೆ ಹೋಗಿ, ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ಅಪ್ಪನ ಜೊತೆ ಹೊರಡುತ್ತಿದ್ದರು. ಅವರಿಗೆ ಎಂಟು ವರ್ಷದಿಂದ ಹರ್ನಿಯಾ. ಅಂಗಿಯ ಕೆಳಗೆ ಚರ್ಮದ ಪಟ್ಟಿ ಬಿಗಿದುಕೊಂಡೇ ಸೈಕಲ್ ತುಳಿಯುತ್ತಿದ್ದರು. ಸಕ್ಕರೆ ಕಾಯಿಲೆಯೂ ಇತ್ತು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಂತೆ. ಹಾಗಾಗಿ ಅವರಿಬ್ಬರಲ್ಲಿ ಒಂದು ಒಪ್ಪಂದ ತಾನಾಗಿ ಆಗಿತ್ತು. ಕಚೇರಿಯಲ್ಲಿ ಮಾವನ ಚೀಲವನ್ನು ಅಪ್ಪ ಎತ್ತಿ ಕ್ಯಾರಿಯರ್ ಮೇಲೆ ಇಡುವುದು; ಅಪ್ಪ ಹತ್ತುವಾಗ ಸೈಕಲ್ಲನ್ನು ಮಾವ ಹಿಡಿದುಕೊಳ್ಳುವುದು.

"ಏನಯ್ಯ, ಸವಾರಿ ಹೊಂಡ್ತೋ? ಕುದ್ರೆ ಹಿಡ್ಕೊಂಡಿವ್ನಿ, ಹತ್ತು."

"ಸರ್ಯಾಗಿ ಹಿಡ್ಕಳಣ್ಣ, ಬುಟ್ಬುಟ್ಟೀಯ."

"ಬುಟ್ರೆ ಏನಾಯ್ತು? ಪಟ್ಟು ಹಾಕೋನು ನಿಮ್ಮೂರಲ್ಲೇ ಅವ್ನಲ್ಲ. ಆ ಕಾಲನ್ನೂ ಹಿಂಗೇ ಕೋಲು ಮಾಡ್ಕೊಡ್ತಾನೆ, ಜೋಡಿ ಆಯ್ತದೆ."

ಮಾರ್ಚ್ ತಿಂಗಳ ಕೊನೆಯ ವಾರ ಒಂದು ಸಂಜೆ ಅಪ್ಪ ಮಾತಿನ ನಡುವೆ, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೇನೋ ನನಗೇ ತಿಳಿಯದು ಎಂದ. ಎಣಿಸು, ನಾನು ಬರೆದಿಡುತ್ತೇನೆ ಎಂದೆ. ನಾನು ಹನ್ನೆರಡನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೆ. ಬೀಟಿನ ಒಬ್ಬ ವಕೀಲರು ಪ್ರತಿ ಹೊಸ ವರ್ಷಕ್ಕೆ ಅಪ್ಪನಿಗೆ ಒಂದು ಡೈರಿ ಕೊಡುತ್ತಿದ್ದರು, ಅಪ್ಪ ಅದನ್ನು ನನಗೆ ಕೊಡುತ್ತಿದ್ದ. ಕೆಲಸಕ್ಕೆ ಹೊರಟ ವೇಳೆ, ಬಂದ ವೇಳೆ, ಮಳೆ, ನಲ್ಲಿಯಲ್ಲಿ ನೀರು ಬಂದದ್ದು, ಅಮ್ಮ ಕೊಂಡ ಸಾಮಾನು ಎಲ್ಲ ಅದರಲ್ಲಿ ಇರುತ್ತಿತ್ತು. ಅಪ್ಪ ಆರು ದಿನ ಎಣಿಸಿದ. ಜೇಬಿನಲ್ಲಿ ಹುರುಳಿಕಾಳು ಇಟ್ಟುಕೊಂಡು, ಹತ್ತಿದಾಗಲೆಲ್ಲ ಒಂದನ್ನು ಎಡ ಜೇಬಿನಿಂದ ಬಲ ಜೇಬಿಗೆ ಹಾಕಿದ. ಸರಾಸರಿ ದಿನಕ್ಕೆ ಅರವತ್ತನಾಲ್ಕು.

ಅರವತ್ತನಾಲ್ಕು ಸಲ ಆ ಕಾಲನ್ನು ಎತ್ತಿ ಆಚೆ ಇಡುವುದು, ಅರವತ್ತನಾಲ್ಕು ಸಲ ಎತ್ತಿ ಈಚೆ ತರುವುದು. ಪ್ರತಿ ಸಲ ಅವನ ತುಟಿ ಬಿಗಿಯುವುದನ್ನು ನಾನು ಜಗಲಿಯಲ್ಲಿ ದಿನವೂ ನೋಡುತ್ತಿದ್ದೆ. ಇದನ್ನು ಕಡಿಮೆ ಮಾಡಬೇಕು ಎಂದು ನನಗೆ ಹೊಳೆಯಿತು.

ಏಪ್ರಿಲ್ ಏಳು, ಭಾನುವಾರ, ಅಪ್ಪನ ಜೊತೆ ಬೀಟಿಗೆ ಹೋದೆ. ಅವನು ಸೈಕಲ್ ಮೇಲೆ, ನಾನು ಒಂದು ನೋಟುಪುಸ್ತಕ ಮತ್ತು ಅಮ್ಮನ ಹೊಲಿಗೆಯ ಟೇಪು ಹಿಡಿದು ಹಿಂದೆ ನಡೆದು. ಬೀಟಿನಲ್ಲಿ ಹತ್ತಲು ಯೋಗ್ಯವಾದ ಕಲ್ಲು ಎಷ್ಟಿವೆ ಎಂದು ಪಟ್ಟಿ ಮಾಡಿದೆ. ಮೋರಿಯ ಕಟ್ಟೆ, ನಲ್ಲಿಯ ಕಟ್ಟೆ, ಮರದ ಸುತ್ತ ಕಟ್ಟಿದ ಕಟ್ಟೆ, ಗೇಟಿನ ಮುಂದಿನ ಮೆಟ್ಟಿಲು, ಒಂದು ಮೈಲಿಗಲ್ಲು. ಒಂದು ಮೊಳಕ್ಕಿಂತ ಕಡಿಮೆ ಎತ್ತರ ಇದ್ದರೆ ಬಿಟ್ಟೆ. ಅಲುಗಾಡುವುದನ್ನು ಬಿಟ್ಟೆ. ನಲ್ಲಿಯ ಬಳಿ ಕೊಡ ತುಂಬುತ್ತಿದ್ದ ಹೆಂಗಸು ನಾನು ಬಗ್ಗಿ ಅಳೆಯುವುದನ್ನು ನೋಡಿ ಕೈ ನಿಲ್ಲಿಸಿದಳು.

"ಏನ್ ಪೋಸ್ಟಣ್ಣ, ಭಾನುವಾರಾನೂ ಕಾಗ್ದ ತಂದ್ರಾ?"

"ಇಲ್ಲ ಕಣವ್ವ. ಮಗಳು ನಿಮ್ ನಲ್ಲಿ ಕಟ್ಟೆ ಅಳೀತಾವ್ಳೆ."

"ಯಾಕೆ, ಕಿತ್ತಾಕ್ತಾರಾ?"

"ಇಲ್ಲ ಬುಡವ್ವ, ಪರೀಕ್ಷೆಗೆ ಬತ್ತದಂತೆ."

"ಏನ್ ಪರೀಕ್ಷೆಯೋ. ನಂಗೂ ಒಂದ್ ಕೊಡ ಹಿಡ್ಕೊಟ್ರೆ ನಾನೂ ಪಾಸ್ ಮಾಡುಸ್ತೀನಿ ಅನ್ನು." ಅವಳ ಕೊಡ ಎತ್ತಿಕೊಟ್ಟೆ.

ನಲವತ್ತೊಂದು ಕಲ್ಲು ಸಿಕ್ಕವು. ಆಮೇಲೆ ಎರಡು ವಾರ ಆ ಪಟ್ಟಿ ಹಿಡಿದು ಕೂತೆ. ಮನೆಗಳನ್ನು ಕಲ್ಲುಗಳಿಗೆ ಹಂಚಿದೆ. ಒಂದು ಕಲ್ಲಿನ ಬಳಿ ಇಳಿದರೆ ಅದರ ಆಚೀಚೆಯ ನಾಲ್ಕೈದು ಮನೆಗಳ ಕಾಗದವನ್ನು ನಡೆದು ಕೊಟ್ಟು, ಅದೇ ಕಲ್ಲಿಗೆ ಬಂದು ಹತ್ತಬಹುದು. ಹಾಗೆ ಮಾಡಿದರೆ ಮನೆ, ಕಚೇರಿಯದ್ದೂ ಸೇರಿ ದಿನಕ್ಕೆ ನಲವತ್ತೈದು ಸಾಕು ಎಂದು ತೋರಿಸಿದೆ. ಅಪ್ಪ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಭೇಷ್" ಎಂದ.

ಪೋಸ್ಟ್‌ಮನ್ನರು ಬೆಳಿಗ್ಗೆ ಕಚೇರಿಯಲ್ಲಿ ಕಾಗದಗಳನ್ನು ಬೀಟಿನ ಕ್ರಮದಲ್ಲಿ ಜೋಡಿಸಿಕೊಂಡೇ ಹೊರಡುವುದು. ಅಪ್ಪನಿಗೆ ಹತ್ತೊಂಬತ್ತು ವರ್ಷದಿಂದ ಒಂದೇ ಕ್ರಮ. ಕೈ ತಾನಾಗಿ ಜೋಡಿಸುತ್ತಿತ್ತು. ನನ್ನ ಕ್ರಮಕ್ಕೆ ಅದೆಲ್ಲ ತಲೆಕೆಳಗಾಯಿತು. ಮೊದಲ ವಾರ ಅವನು ನನ್ನ ಪಟ್ಟಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಒಂದನೇ ತರಗತಿಯ ಮಗುವಿನ ಹಾಗೆ ಬೆರಳಿಟ್ಟು ಓದಿ ಜೋಡಿಸುತ್ತಿದ್ದನೆಂದು ಮಾವ ಹೇಳಿದರು. "ನಿಮ್ಮನೇಲಿ ಪೋಸ್ಟ್‌ಮಾಸ್ಟರ್ ಜನರಲ್ಲು ಹುಟ್ಟವ್ಳೆ ಕಣಯ್ಯ. ಬೀಟನ್ನೇ ಬದ್ಲಾಯಿಸ್ಬುಟ್ಲು. ನಾಳೆ ನನ್ನ ಬೀಟಿಗೂ ಕೈ ಹಾಕ್ತಾಳೆ, ನಾನು ಓಡೋಗ್ತೀನಿ."

ಕೆಲವು ಮನೆಯವರಿಗೆ ಹತ್ತು ಗಂಟೆಗೆ ಬರುತ್ತಿದ್ದ ಕಾಗದ ಹನ್ನೊಂದೂವರೆಗೆ ಬರತೊಡಗಿತು. ಕೇಳಿದವರಿಗೆ ಅಪ್ಪ ಏನೇನೋ ಸಮಾಧಾನ ಹೇಳಿದ. ಕಚೇರಿಯವರೆಗೆ ಯಾರೂ ಹೋಗಲಿಲ್ಲ.

ಸಂಜೆ ಅವನು ಬಂದು ಕೂತ ಕೂಡಲೇ ನಾನು ಕೇಳುವುದು ರೂಢಿಯಾಯಿತು. "ಅಪ್ಪ, ಇವತ್ತು ಎಷ್ಟು?" ಅವನು ಬಲ ಜೇಬಿನ ಹುರುಳಿಕಾಳನ್ನು ನನ್ನ ಕೈಗೆ ಸುರಿಯುತ್ತಿದ್ದ. ನಾನು ಎಣಿಸಿ ಬರೆಯುತ್ತಿದ್ದೆ. ಏಪ್ರಿಲ್ ಕೊನೆಗೆ ನಲವತ್ತೈದು. ಕೆಲವು ಮನೆಗಳನ್ನು ಇನ್ನೊಂದು ಕಲ್ಲಿಗೆ ಸೇರಿಸಿ ಜೂನ್‌ನಲ್ಲಿ ಮೂವತ್ತಮೂರು ಮಾಡಿದೆ. ಆಗಸ್ಟ್ ಹೊತ್ತಿಗೆ ಇಪ್ಪತ್ತಾರು. ಅದರ ಗೆರೆಯನ್ನು ಗ್ರಾಫ್ ಕಾಗದದಲ್ಲಿ ಎಳೆದೆ. ಗೆರೆ ಇಳಿಯುತ್ತಾ ಬಂದದ್ದನ್ನು ನೋಡಿ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕಾಲೇಜಿನಲ್ಲಿ ಓದಿದ್ದು ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಇದನ್ನು ಬರೆಯುತ್ತಿರುವುದು ಆರು ವರ್ಷದ ಮೇಲೆ. ಈಗ ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವರ್ಷದ ಡೈರಿಯನ್ನು ತೆಗೆದು ನೋಡಿದರೆ ಅದರಲ್ಲಿ ಎಲ್ಲವೂ ಇದೆ. ಅಪ್ಪನ ಮಂಡಿಗೆ ಅಮ್ಮ ಹರಳೆಣ್ಣೆ ಕಾಯಿಸಿ ಹಚ್ಚಿ, ಮೇಲೆ ಹರಳೆಲೆ ಕಟ್ಟುತ್ತಿದ್ದಳು. ಎಣ್ಣೆಯ ಸೀಸೆ ತಂದ ದಿನಗಳನ್ನು ನಾನೇ ಸಾಮಾನಿನ ಪುಟದಲ್ಲಿ ಬರೆದಿದ್ದೇನೆ. ಏಪ್ರಿಲ್‌ನಲ್ಲಿ ಒಂದು ಸೀಸೆ ಇಪ್ಪತ್ತನಾಲ್ಕು ದಿನ ಬಂದಿದೆ. ಜೂನ್‌ನಲ್ಲಿ ಹದಿನೈದು ದಿನ. ಆಗಸ್ಟ್‌ನಲ್ಲಿ ಎಂಟು ದಿನ. ಹುರುಳಿಕಾಳಿನ ಲೆಕ್ಕ ಒಂದು ಪುಟದಲ್ಲಿ, ಎಣ್ಣೆಯ ಸೀಸೆ ಇನ್ನೊಂದು ಪುಟದಲ್ಲಿ. ಎರಡನ್ನೂ ಬರೆದವಳು ನಾನೇ. ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ಒಂದು ದಿನವೂ ನೋಡಲಿಲ್ಲ.

ಸೆಪ್ಟೆಂಬರ್ ಹದಿನೇಳರ ಸಂಜೆ ಮಾವ ನಮ್ಮ ಮನೆಗೆ ಗಾಳಿ ಹೊಡೆಯುವ ಪಂಪು ಕೇಳಲು ಬಂದರು. ಅಪ್ಪ ಸ್ನಾನಕ್ಕೆ ಹೋಗಿದ್ದ. ನಾನು ಅವರಿಗೆ ಗ್ರಾಫ್ ತೋರಿಸಿದೆ. ಅವರು ನೋಡಿ, ಬಚ್ಚಲಿನ ಕಡೆ ಒಂದು ಸಲ ತಿರುಗಿ, ದನಿ ತಗ್ಗಿಸಿದರು.

"ಮಗಳೇ, ಒಂದ್ ಮಾತು ಹೇಳ್ತೀನಿ, ನಿಮ್ಮಪ್ಪಂಗೆ ನಾನು ಹೇಳ್ದೆ ಅನ್ಬ್ಯಾಡ."

"ಏನು ಮಾವ?"

"ಮಂಡಿ ಕೆಟ್ಟೋರಿಗೆ ಸೈಕಲ್ಲು ತುಳಿಯೋದು ಅಷ್ಟು ಕಷ್ಟ ಅಲ್ಲ ಕಣವ್ವ. ಮೈಭಾರ ಸೀಟಿನ ಮೇಲಿರ್ತದೆ. ಹತ್ತೋದು ಕಷ್ಟ, ಆದ್ರೆ ಒಂದ್ ಗಳಿಗೆ. ನಡೆಯೋದೈತಲ್ಲ, ಅದು ಕೊಲ್ಲೋದು. ನೀನು ಹತ್ತೋದು ಕಮ್ಮಿ ಮಾಡ್ದೆ. ನಡ್ಸೋದು ಜಾಸ್ತಿ ಮಾಡ್ದೆ."

ನಾನು ಗ್ರಾಫ್ ಕಾಗದವನ್ನು ಮಡಚಿದೆ.

"ನಾನು ಜೂನ್ ತಿಂಗಳಲ್ಲೇ ಹೇಳ್ದೆ ಅವ್ನಿಗೆ. ಹಳೇ ಥರಾನೇ ಹೋಗಯ್ಯ ಅಂತ. ಮಗಳು ಎರಡು ವಾರ ಕೂತು ಮಾಡವ್ಳೆ, ಸುಮ್ಕಿರು ಅಂದ. ನಿಂಗೆ ಹೇಳಿದ್ರೆ ಮಾತು ಬುಟ್ಬುಡ್ತೀನಿ ಅಂದ." ಪಂಪು ತೆಗೆದುಕೊಂಡು ಎದ್ದರು. ಬಾಗಿಲ ಬಳಿ ನಿಂತು, "ಲೆಕ್ಕ ಏನೋ ಚೆನ್ನಾಗೈತೆ" ಎಂದರು.

ಎರಡು ದಿನ ಬಿಟ್ಟು ನಾನು ಕಾಲೇಜಿಗೆ ಹೋಗಲಿಲ್ಲ. ಜಯಲಕ್ಷ್ಮಿಪುರಕ್ಕೆ ಹೋಗಿ, ಅಪ್ಪನ ಕಣ್ಣಿಗೆ ಬೀಳದ ಹಾಗೆ ಒಂದು ಮರದ ಹಿಂದೆ ನಿಂತೆ. ನಲ್ಲಿಯ ಕಟ್ಟೆಯ ಬಳಿ ಅಪ್ಪ ಇಳಿದ. ಆ ಕಟ್ಟೆಗೆ ನಾನು ಒಂಬತ್ತು ಮನೆ ಹಂಚಿದ್ದೆ. ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಮೊದಲನೆಯ ಮನೆಗೆ ನಡೆದ. ಬಲಗಾಲನ್ನು ಮಡಚದೆ ಪಕ್ಕಕ್ಕೆ ಸುತ್ತಿಸಿ ಹಾಕುತ್ತಿದ್ದ. ಮೂರನೆಯ ಮನೆಯ ಗೇಟು ಹಿಡಿದು ನಿಂತ. ಒಳಗಿನಿಂದ ಯಾರೋ ಬಂದರು. ಕಾಗದ ಕೊಟ್ಟು ಏನೋ ಮಾತಾಡಿ ನಕ್ಕ. ಅವರು ಒಳಗೆ ಹೋದ ಮೇಲೂ ಗೇಟು ಬಿಡದೆ ಸ್ವಲ್ಪ ಹೊತ್ತು ನಿಂತಿದ್ದ. ನಾನು ಹೆಜ್ಜೆ ಎಣಿಸುತ್ತಿದ್ದೆ. ಒಂಬತ್ತು ಮನೆ ಮುಗಿಸಿ ಕಟ್ಟೆಗೆ ವಾಪಸು ಬರಲು ಆರುನೂರ ಹನ್ನೆರಡು ಹೆಜ್ಜೆ. ಮೊದಲು ಅವನು ಗೇಟಿನ ಕಂಬ, ಗಿಡ್ಡ ಮೆಟ್ಟಿಲು ಸಿಕ್ಕಿದ್ದರ ಆಸರೆಯಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಹೋಗುತ್ತಿದ್ದಾಗ ಆ ಒಂಬತ್ತು ಮನೆಗೆ ಗೇಟಿನಿಂದ ಬಾಗಿಲಿಗೆ ಮಾತ್ರ ನಡೆಯಬೇಕಾಗಿತ್ತು. ಅದನ್ನೂ ಅಳೆದೆ. ನೂರ ಎಂಟು.

ಕಟ್ಟೆಗೆ ಬಂದು ಅಪ್ಪ ಸೈಕಲ್ ಹತ್ತಿದ. ನನ್ನ ಲೆಕ್ಕದಲ್ಲಿ ಅದು ಒಂದು ಹುರುಳಿಕಾಳು.

ಆ ಸಂಜೆ ನಾನು ಎಷ್ಟು ಎಂದು ಕೇಳಲಿಲ್ಲ. ಅವನೇ ಜೇಬಿಗೆ ಕೈ ಹಾಕಿದ.

"ಅಪ್ಪ, ನಾಳೆಯಿಂದ ಹಳೇ ಕ್ರಮದಲ್ಲೇ ಹೋಗು."

"ಯಾಕೆ?"

"ನನ್ನ ಲೆಕ್ಕ ತಪ್ಪು. ನಡೆಯೋದನ್ನ ನಾನು ಹಿಡೀಲೇ ಇಲ್ಲ."

ಅವನು ಕಾಳುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. "ನಿನ್ ಲೆಕ್ಕ ಸರಿಯಾಗೇ ಐತೆ ಬುಡವ್ವ. ಕಾಲು ಹಳೇದು" ಎಂದ. ಕಾಳುಗಳನ್ನು ಅಮ್ಮನಿಗೆ ಕೊಟ್ಟ. ಅಮ್ಮ ಅವನ್ನು ಡಬ್ಬಕ್ಕೆ ಹಾಕಿದಳು.

ಹಳೆಯ ಕ್ರಮಕ್ಕೆ ಮರಳಿದ. ಆದರೆ ಆಗ ಕಾಲ ಮಿಂಚಿತ್ತು. ಐದು ತಿಂಗಳ ನಡಿಗೆಯಲ್ಲಿ ಮಂಡಿ ಊದಿ ಗುಂಡಗಾಗಿತ್ತು, ಮಾರ್ಚ್‌ನಲ್ಲಿ ಮಡಚುತ್ತಿದ್ದಷ್ಟೂ ಮಡಚುತ್ತಿರಲಿಲ್ಲ. ಸೀಟನ್ನು ಇನ್ನೂ ಎರಡು ಬೆರಳು ಎತ್ತರಿಸಿದೆವು. ಅದಕ್ಕಿಂತ ಮೇಲೆ ಹೋದರೆ ಎಡಗಾಲೂ ಪೆಡಲಿಗೆ ಎಟುಕುತ್ತಿರಲಿಲ್ಲ. ಅಕ್ಟೋಬರ್ ಒಂದರಿಂದ ಬಲಗಾಲಿನಲ್ಲಿ ತುಳಿಯುವುದನ್ನೇ ಬಿಟ್ಟ. ಮಾವ ಹಳೆಯ ಟ್ಯೂಬು ಕತ್ತರಿಸಿ ಎಡ ಪೆಡಲಿಗೆ ಒಂದು ಪಟ್ಟಿ ಮಾಡಿಕೊಟ್ಟರು. ಪಾದವನ್ನು ಅದರೊಳಗೆ ತೂರಿಸಿದರೆ ಒಂದೇ ಕಾಲಿನಲ್ಲಿ ಒತ್ತಲೂಬಹುದು, ಎಳೆಯಲೂಬಹುದು. ಬಲಗಾಲು ಸುಮ್ಮನೆ ಇಳಿಬಿದ್ದಿರುತ್ತಿತ್ತು. ಸಪಾಟು ರಸ್ತೆಯಲ್ಲಿ ಹೋಗುತ್ತಿತ್ತು. ಏರಿನಲ್ಲಿ ಮಾವ ಪಕ್ಕದಲ್ಲಿ ಬಂದು, ತಮ್ಮ ಹೊಟ್ಟೆಯ ಪಟ್ಟಿಯನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಇನ್ನೊಂದು ಕೈಯನ್ನು ಅಪ್ಪನ ಬೆನ್ನಿಗೆ ಕೊಟ್ಟು ನೂಕುತ್ತಿದ್ದರು.

"ನಿನ್ ಹ್ಯಾಂಡಲ್ ಹಿಡಿಯೋರು ಯಾರಣ್ಣ?" ಎಂದು ಅಪ್ಪ ಕೇಳಿದ್ದನಂತೆ.

"ಅದನ್ನ ಮೇಲಿರೋನು ಹಿಡ್ಕೊಂಡವ್ನೆ, ನೀನು ತುಳಿ."

ಹೀಗೆ ಇಪ್ಪತ್ತಮೂರು ದಿನ ನಡೆಯಿತು. ಬೀಟಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಅವರೂ ಹಿಂದೆ ಸೈಕಲ್ ತುಳಿದವರೇ. ಸೊಂಟ ಮುರಿದ ಮೇಲೆ ಬಿಟ್ಟಿದ್ದರು. ದಿನವೂ ವರಾಂಡದಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಅಕ್ಟೋಬರ್ ಕೊನೆಯ ವಾರ ಅವರು ಅಪ್ಪನನ್ನು ಕರೆದು, ಅಂಟಿಸಿದ ಒಂದು ಲಕೋಟೆ ಕೊಟ್ಟು, ನಿಮ್ಮ ಪೋಸ್ಟ್‌ಮಾಸ್ಟರಿಗೆ ಕೊಟ್ಟುಬಿಡಪ್ಪ ಎಂದರು. "ನಿನಗೆ ಒಳ್ಳೇದಾಗಲಿ ಅಂತಲೇ ಬರೆದಿದ್ದೀನಿ. ಈ ವಯಸ್ಸಿನಲ್ಲಿ ಈ ಪಾಡು ಯಾಕೆ? ನಾನೂ ಬಿಟ್ಟೆ, ಏನೂ ಆಗಲ್ಲ ನೋಡು."

ಆ ಲಕೋಟೆ ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮನೆಗೂ ಬಂದಿತ್ತು, ಅಪ್ಪನ ಚೀಲದಲ್ಲಿ. ಅಪ್ಪನ ಜೊತೆ ಊಟಕ್ಕೆ ಬಂದಿದ್ದ ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಒಳಗೆ ಏನೈತೆ ಅಂತ ಗೊತ್ತಲ್ಲ ನಿಂಗೆ?"

"ಗೊತ್ತು."

"ಮತ್ತೆ? ಸ್ಟ್ಯಾಂಪೂ ಇಲ್ಲ, ಸೀಲೂ ಇಲ್ಲ. ಇದು ಟಪಾಲೇ ಅಲ್ಲ ಕಣಯ್ಯ. ಒಲೆಗೆ ಹಾಕು. ಅತ್ತಿಗೆ, ಒಲೆ ಉರೀತೈತಾ?"

ಅಮ್ಮ ಅಡಿಗೆಮನೆಯಿಂದ ಸಾರು ತಂದು ಬಡಿಸಿದಳು. ನಾನು ಅಪ್ಪನ ಮುಖ ನೋಡುತ್ತಿದ್ದೆ. ಹಾಕಲಿ ಎಂದು ನನಗೆ ಬಹಳ ಅನ್ನಿಸುತ್ತಿತ್ತು.

"ಕೈಗೆ ಕೊಟ್ಟವ್ರೆ ಅಣ್ಣ. ಕೊಟ್ಟ ಕಾಗ್ದ ಮುಟ್ಸೋದು ಬುಟ್ಟು ನಂಗೆ ಬೇರೇನ್ ಬರ್ತದೆ?" ಎಂದು ಅಪ್ಪ ಅದನ್ನು ವಾಪಸು ಇಸಕೊಂಡ. ಮಾವ ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. ಅನ್ನ ಅರ್ಧ ಉಳಿದಿತ್ತು. ಮೂರು ಗಂಟೆಗೆ ಅಪ್ಪ ಆ ಲಕೋಟೆಯನ್ನು ಪೋಸ್ಟ್‌ಮಾಸ್ಟರ ಮೇಜಿನ ಮೇಲೆ ಇಟ್ಟ.

ನವೆಂಬರ್ ಹದಿನಾಲ್ಕಕ್ಕೆ ಡಾಕ್ಟರ ಬಳಿ ಹೋಗಬೇಕೆಂದು ಆರ್ಡರು ಬಂತು. ನಾನು ಜೊತೆಗೆ ಹೋದೆ. ಅಪ್ಪ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಜಟಕಾ ಬೇಡವೆಂದು ಸೈಕಲ್ಲನ್ನೇ ತಂದಿದ್ದ. ಡಾಕ್ಟರು ಸಭ್ಯರು. ಮಂಡಿಯನ್ನು ನಿಧಾನವಾಗಿ ಮಡಚಿ ನೋಡಿದರು, ನೋವಾಗುತ್ತದೆಯೇ ಎಂದು ಕೇಳಿದರು. ಅಪ್ಪ ಇಲ್ಲ ಎಂದ. ಹಣೆಯ ಮೇಲೆ ಬೆವರಿತ್ತು. ಡಾಕ್ಟರು ಕಾಗದ ಓದಿ, "ಸೈಕಲ್ ತುಳಿತೀರಂತಲ್ಲ, ಹೊರಗೆ ಬನ್ನಿ, ಒಂದು ಸಲ ಹತ್ತಿ ತೋರಿಸಿ" ಎಂದರು. ತುಳಿಯುವುದನ್ನು ಕಂಡರೆ ಪಾಸು ಮಾಡುವ ಮನಸ್ಸು ಅವರಿಗೆ ಇತ್ತು ಎಂದೇ ನಾನು ಈಗಲೂ ತಿಳಿದಿದ್ದೇನೆ.

ಹೊರಗಿನ ಅಂಗಳ ಗುಡಿಸಿ ಸಪಾಟಾಗಿತ್ತು. ಮರಕ್ಕೆ ಕಟ್ಟೆ ಇರಲಿಲ್ಲ, ಮೋರಿ ಇರಲಿಲ್ಲ. ಒಂದು ಇಟ್ಟಿಗೆಯೂ ಇರಲಿಲ್ಲ. ಅಪ್ಪ ಸೈಕಲ್ ಹಿಡಿದು ನಿಂತು ಸುತ್ತ ನೋಡಿದ. ಅಂಗಳದ ಆ ತುದಿಯಲ್ಲಿ, ಔಷಧಿ ಕೊಡುವ ಕೋಣೆಗೆ ಮೂರು ಮೆಟ್ಟಿಲಿದ್ದವು. ಅವನಿಗೂ ಅದೇ ಕಂಡಿತು. ಸೈಕಲ್ಲನ್ನು ತಳ್ಳಿಕೊಂಡು ಆ ಕಡೆ ನಡೆಯತೊಡಗಿದ. ಬಲಗಾಲನ್ನು ಸುತ್ತಿಸಿ ಸುತ್ತಿಸಿ, ಆದಷ್ಟು ನೆಟ್ಟಗೆ ನಡೆಯಲು ನೋಡುತ್ತಿದ್ದ. ಅರ್ಧ ದಾರಿಗೆ ಹೋಗಿರಬಹುದು.

"ಸಾಕು ಬಿಡಿ ಯಜಮಾನರೇ, ಬನ್ನಿ" ಎಂದು ಡಾಕ್ಟರು ಕರೆದರು.

"ಹತ್ತಿದ್ಮೇಲೆ ಚೆನ್ನಾಗಿ ತುಳೀತೀನಿ ಸ್ವಾಮಿ. ಹತ್ತೋದೊಂದೇ."

"ನನಗೆ ಗೊತ್ತಾಯ್ತು. ಬನ್ನಿ."

ಬರುವಾಗ ಮೆಟ್ಟಿಲಿನಿಂದ ಹತ್ತು ಎಂದೆ. ಅಪ್ಪ ಬೇಡ ಎಂದ. ವಿದ್ಯಾರಣ್ಯಪುರದವರೆಗೆ ಸೈಕಲ್ಲನ್ನು ನಾನು ತಳ್ಳಿಕೊಂಡು ಬಂದೆ. ಅವನು ಒಂದು ಕೈಯನ್ನು ಸೀಟಿನ ಮೇಲೆ ಊರಿಕೊಂಡು ನಡೆದು ಬಂದ. ದಾರಿಯಲ್ಲಿ ಏಳು ಸಲ ನಿಂತೆವು. ಡಿಸೆಂಬರ್ ಮೂರರಂದು ಅವನ ಸರ್ವೀಸು ಮುಗಿಯಿತು. ಎರಡು ವರ್ಷ ಎಂಟು ತಿಂಗಳಲ್ಲಿ ಎಂಟು ತಿಂಗಳೂ ಇಪ್ಪತ್ತೈದು ದಿನವೂ ಮಾತ್ರ ಅವನಿಗೆ ಸಿಕ್ಕಿತು.

ಮಾವ ಮಾತ್ರ ಬರುವುದನ್ನು ಬಿಡಲಿಲ್ಲ. ಹೊಸಬರು ಬರುವ ತನಕ ಅಪ್ಪನ ಬೀಟಿನ ಅರ್ಧವನ್ನು ಅವರಿಗೇ ಸೇರಿಸಿದ್ದರು. ಕಚೇರಿಯಲ್ಲಿ ಅವರ ಚೀಲ ಎತ್ತಿಕೊಡುವವರು ಈಗ ಯಾರೂ ಇರಲಿಲ್ಲ. ಹೊಸ ವರ್ಷ ಕಳೆದ ಮೇಲೆ ಒಂದು ದಿನ ಸಂಜೆ ಬಂದಾಗ ಎಡಗಾಲಿಗೆ ಬೂಟು ಹಾಕಿರಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸಣ್ಣ ಗಾಯ, ಮೂರು ವಾರವಾದರೂ ಮಾಗಿಲ್ಲ ಎಂದರು. ನಾನು ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ನಡುವೆ ಒಂದು ತೆಳ್ಳನೆಯ ಗೋಡೆ. ಅಪ್ಪ ಬೀಟಿನ ಒಂದೊಂದು ಮನೆಯನ್ನೂ ವಿಚಾರಿಸುತ್ತಿದ್ದ. ಯಾರಿಗೆ ಕಾಗದ ಬಂತು, ಯಾರ ಮಗಳಿಗೆ ಹೆರಿಗೆ ಆಯಿತು ಎಂದೆಲ್ಲ.

"ನನ್ನ ಬೀಟಿನಾಗೆ ಎಂಗೆ ಹೋಯ್ತೀಯಣ್ಣ?" ಎಂದು ಅಪ್ಪ ಕೇಳಿದ.

"ಎಂಗೋ ಒಂದು. ನಲ್ಲಿ ತಾವ ಸೈಕಲ್ಲು ನಿಲ್ಲುಸ್ಬುಟ್ಟು ನಡ್ಕೊಂಡೇ ಕೊಟ್ಬುಡ್ತೀನಿ. ಹತ್ತಿ ಇಳಿಯೋಕೆ ಹೊಟ್ಟೆ ಪಟ್ಟಿ ಬಿಡಲ್ಲ."

"ಅಂಗ್ ಮಾಡ್ಬ್ಯಾಡ." ಅಪ್ಪನ ದನಿ ತಗ್ಗಿತು, ಆದರೂ ನನಗೆ ಕೇಳಿಸಿತು. "ನಡೀಬ್ಯಾಡ ಕಣಣ್ಣ. ಎಷ್ಟೇ ನೋವಾಗ್ಲಿ, ಮನೆಮನೆಗೂ ಹತ್ತು, ಇಳಿ. ನಡಿಗೆ ಬ್ಯಾಡ. ನಾನು ಕೆಟ್ಟಿದ್ದು ಅದ್ರಲ್ಲೇ."

"ಈ ಬೆರಳಲ್ಲಿ ಪೆಡಲ್ ತುಳಿಯೋಕೂ ಆಯ್ತಿಲ್ಲ ಕಣಯ್ಯ" ಎಂದರು ಮಾವ.

ಅಪ್ಪನ ಲೆಕ್ಕದಲ್ಲಿ ಮಾವನ ಬೆರಳು ಇರಲಿಲ್ಲ, ನನ್ನ ಲೆಕ್ಕದಲ್ಲಿ ನಡಿಗೆ ಇರದಿದ್ದ ಹಾಗೆ. ಕಾಫಿ ಆರುತ್ತಿತ್ತು. ಎರಡು ಲೋಟ ತೆಗೆದುಕೊಂಡು ಹೊರಗೆ ಹೋಗಿ, ಇಬ್ಬರ ಮುಂದೆಯೂ ಇಟ್ಟೆ.